ಜಾಡಿಯ ಮೂಗುಗಳ್ಳ

ದೊರೆ ಗುಮ್ಮಟರಾಯನ ಆಸ್ಥಾನದಲ್ಲಿ ಅತಿಥಿಗಳಿಗೆ ಕಾಫಿ ಕೊಡುವ ಪದ್ಧತಿಯೇ ಬೇರೆ. ಹುರಿದ ಬೀಜದ ಜಾಡಿ ತರಿಸಿ, ಮುಚ್ಚಳ ತೆಗೆದು, ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿಸುವುದು. ಮೂಸಿ ಆಯ್ತಾ? ಉಪಚಾರ ಮುಗೀತು, ಮನೆಗೆ ಹೋಗಿ.

"ಈ ಘಮ ನನ್ನ ಮರಿಮಗನ ಕಾಲಕ್ಕೂ ಹೀಗೇ ಇರುತ್ತೆ" ಅಂತ ದೊರೆ ಮೀಸೆ ತಿರುವುತ್ತಿದ್ದ.

ಮರಿಮಗ ಇರಲಿ, ಮಗನೂ ಹುಟ್ಟುವ ಮೊದಲೇ ಘಮ ಹೋಯಿತು. ದೊರೆ ಉಗ್ರಾಣದ ಹೊನ್ನಜ್ಜಿಯನ್ನು ಎಳೆತರಿಸಿದ.

"ಘಮ ಕದ್ದವಳು ನೀನೇ. ನಿನ್ನನ್ನ ಗಡಿ ದಾಟಿಸ್ತೀನಿ."

"ಈ ವಯಸ್ಸಲ್ಲಿ ಎಲ್ಲಿಗೆ ಹೋಗಲಿ ಬುದ್ಧಿ?" ಅಜ್ಜಿ ಅತ್ತಳು.

ವಿದೂಷಕ ತಿಪ್ಪಣ್ಣ ಎದ್ದು ನಿಂತ. "ಬುದ್ಧಿ, ಹೊಸ ಬೀಜ ತುಂಬಿಸಿ, ಜಾಡಿಗೆ ನಾನೇ ಬಟ್ಟೆ ಬಿಗಿದು ತಮ್ಮ ಕೋಣೇಲಿ ಇಡ್ತೀನಿ. ಯಾರೂ ಬಿಚ್ಚಬಾರದು. ಬೆಳಗಾಗೋದ್ರಲ್ಲಿ ಕಳ್ಳ ಸಿಗ್ತಾನೆ. ಶಿಕ್ಷೆ ಏನು?"

"ಮೀಸೆ ಬೋಳಿಸಿ ಗಡಿ ದಾಟಿಸೋದು."

"ಅಜ್ಜಿಗೆ ಮೀಸೆ ಇಲ್ವಲ್ಲ ಬುದ್ಧಿ."

"ಯಾರಾದರೂ ಸರಿ. ನನ್ನ ಮಾತು ಮಾತೇ."

ತಿಪ್ಪಣ್ಣ ಬೀಜದ ಮೇಲೆ ಇಂಗಿನ ದೊಡ್ಡ ಉಂಡೆಯೊಂದನ್ನು ಇಟ್ಟು, ಮುಚ್ಚಳ ಹಾಕಿ, ಬಟ್ಟೆ ಬಿಗಿದ. ಇದನ್ನು ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ದೊರೆ ಸಭೆಗೆ ಬಂದವನೇ ಗುಡುಗಿದ. "ತಿಪ್ಪಣ್ಣ, ನನ್ನ ಕಾಫಿಗೆ ಇಂಗು ಹಾಕಿದ್ದೀಯಲ್ಲೋ, ಹಾಳಾದವನೇ."

"ಹೌದು ಬುದ್ಧಿ. ಹಾಕಿದ್ದು ನನಗೊಬ್ಬನಿಗೇ ಗೊತ್ತಿತ್ತು. ಬಟ್ಟೆ ಬಿಗಿದ ಜಾಡಿ ಒಳಗೆ ಏನಿದೆ ಅಂತ ತಮಗೆ ಹೇಗೆ ತಿಳೀತು?"

ದೊರೆ ಮೀಸೆ ಒರೆಸಿಕೊಂಡ. ಅದೂ ಇಂಗು ನಾರುತ್ತಿತ್ತು.

"ಒಂದೇ ಒಂದು ಸಲ..." ಅಂದ ದೊರೆ.

"ದಿನಾ ಒಂದೇ ಒಂದು ಸಲ ಅಂತ ತೆಗೆದು ತೆಗೆದು ಮೂಸಿದ್ರೆ ಘಮ ಇನ್ನೆಲ್ಲಿರುತ್ತೆ ಬುದ್ಧಿ? ಇರಲಿ, ಹಜಾಮ ಬಾಗಿಲಲ್ಲೇ ಇದ್ದಾನೆ. ಮೊದಲು ಮೀಸೆಯೋ, ಮೊದಲು ಗಡಿಯೋ?"

ದೊರೆ ಅಳಬೇಕೋ ನಗಬೇಕೋ ತಿಳಿಯದೆ ನಕ್ಕುಬಿಟ್ಟ. "ಮೀಸೆ ಬಿಡೋ ಮಾರಾಯ. ಅಜ್ಜಿ ಇಲ್ಲೇ ಇರಲಿ. ಬೀಜ ಬಹುಕಾಲ ಇಡೋದು ಹೇಗೆ, ಅದನ್ನಾದರೂ ಹೇಳು."

"ಹಸಿ ಬೀಜ ಒಣಗಿಸಿ ತೇವ ತಾಗದ ಕಡೆ ಇಡಿ, ತುಂಬಾ ಕಾಲ ಬಾಳುತ್ತೆ. ಬೇಕಾದಾಗ ಬೇಕಾದಷ್ಟೇ ಹುರಿದು ಜನಕ್ಕೆ ಕುಡಿಸಿ. ಉಗ್ರಾಣದ ಬೀಗದ ಕೈ ಅಜ್ಜಿ ಹತ್ರ ಇರಲಿ, ತಮ್ಮ ಮೂಗು ತಮ್ಮ ಹತ್ರಾನೇ ಇರಲಿ."

ಅವತ್ತು ಸಭೆಗೆ ಮೊದಲ ಸಲ ಕುಡಿಯುವ ಕಾಫಿ ಬಂತು. ಅದೇ ಜಾಡಿಯ ಬೀಜದ್ದು, ಸಾರಿನ ಹಾಗೆ ಇಂಗು ಹೊಡೆಯುತ್ತಿತ್ತು. ಆದರೂ ಒಬ್ಬರೂ ಲೋಟ ಕೆಳಗಿಡಲಿಲ್ಲ.