ಅತ್ತೆ ಸಾರಿಸಿದ ಗೋಡೆ

“ಹನ್ನೆರಡು ವರ್ಷ ನಿಮ್ಮ ಬಳಿ ಕಲಿತೆ. ಬಾಯಿ ತೆರೆದರೆ ನಿಮ್ಮ ಮಾತೇ ಬರುತ್ತದೆ. ನನ್ನದು ಅನ್ನುವ ಒಂದು ಮಾತು ಯಾವಾಗ ಬರುತ್ತದೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಆಫ್ರಿಕಾದ ಘಾನಾ ದೇಶದ ಉತ್ತರದಲ್ಲೊಂದು ಹಳ್ಳಿ. ಅಲ್ಲಿ ಗೋಡೆಗೆ ಚಿತ್ರ ಬರೆಯುವುದು ಹೆಂಗಸರ ಕೆಲಸ. ಸುಗ್ಗಿ ಮುಗಿದ ಮೇಲೆ ಅವರೆಲ್ಲ ಸೇರಿ ಮಣ್ಣು, ಸೆಗಣಿ ಕಲಸಿ ಗೋಡೆ ಸಾರಿಸುತ್ತಾರೆ. ಅದು ಹಸಿಯಿರುವಾಗಲೇ ಕೆಮ್ಮಣ್ಣಿನಲ್ಲಿ ಗೆರೆ ಎಳೆಯುತ್ತಾರೆ. ಅಪೋಕ ಎಂಬ ಹುಡುಗಿ ಈ ವಿದ್ಯೆಯನ್ನು ಸೋದರತ್ತೆಯಿಂದ ಕಲಿತಳು. ಅತ್ತೆಯ ಕೈಯೆಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು.

ದೊಡ್ಡವಳಾದ ಮೇಲೆ ಅಪೋಕ ರಾಜಧಾನಿಗೆ ಹೋಗಿ ಕ್ಯಾನ್ವಾಸಿನ ಮೇಲೆ ಬರೆದಳು. ನೋಡಿದವರು, ಕೈ ಪಳಗಿದೆ, ಆದರೆ ಇದು ನಿಮ್ಮೂರ ಗೋಡೆಯಾಯಿತು, ನಿನ್ನದೆಲ್ಲಿ ಎಂದರು. ಪಟ್ಟಣದವರ ಹಾಗೆ ಬರೆಯಲು ಹೋದಳು, ಅದೂ ಕೈಹತ್ತಲಿಲ್ಲ. ಚಿತ್ರಪ್ರದರ್ಶನ ನಡೆಸುವವರು, ಮುಂದಿನ ವರ್ಷ ಹೊಸದೇನಾದರೂ ತಂದರೆ ಮಾತ್ರ ಪ್ರದರ್ಶನದಲ್ಲಿ ಜಾಗ, ಇಲ್ಲವಾದರೆ ಇಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟರು. ಅತ್ತೆಯ ವಿದ್ಯೆಯನ್ನು ತಾನು ಪೂರ್ತಿ ಕಲಿತಿಲ್ಲ, ಅದಕ್ಕೇ ಹೀಗೆ ಎಂದುಕೊಂಡಳು, ಪಾಪ. ಅತ್ತೆ ಗೋಡೆಗೆ ಬರೆದ ಚಿತ್ರವನ್ನು ಗೆರೆ ತಪ್ಪದಂತೆ ಹಾಳೆಗೆ ಇಳಿಸಿಕೊಂಡು ಬರಲು ಊರಿಗೆ ಹೊರಟಳು.

ಊರು ಮುಟ್ಟಿದಾಗ ಅತ್ತೆ ಅದೇ ಗೋಡೆಗೆ ಮಣ್ಣು ಮೆತ್ತುತ್ತಿದ್ದಳು. ಅರ್ಧ ಚಿತ್ರ ಆಗಲೇ ಮುಚ್ಚಿಹೋಗಿತ್ತು. ಅಪೋಕ ಓಡಿಹೋಗಿ ಅತ್ತೆಯ ಕೈ ಹಿಡಿದಳು.

“ಇಷ್ಟು ಒಳ್ಳೆಯದನ್ನು ಯಾಕೆ ಅಳಿಸುತ್ತೀಯ, ಅತ್ತೆ?”

“ಇದನ್ನು ಉಳಿಸಿಕೊಂಡರೆ ನೀನು ಎಲ್ಲಿ ಬರೆಯುತ್ತೀಯ?” ಎಂದು ಅತ್ತೆ ಕೈ ಬಿಡಿಸಿಕೊಂಡು ಕೆಮ್ಮಣ್ಣಿನ ಬೋಗುಣಿಯನ್ನು ಅವಳತ್ತ ತಳ್ಳಿದಳು.

ಗೋಡೆ ಒಣಗುವುದರೊಳಗೆ ಮುಗಿಸಬೇಕು. ಅತ್ತೆ ಹೇಗೆ ಬರೆಯುತ್ತಿದ್ದಳೆಂದು ನೆನೆಯುತ್ತ ಕೂರಲು ಪುರಸೊತ್ತೇ ಇಲ್ಲ. ಅಪೋಕ ಅಳುತ್ತ, ಅತ್ತೆಯನ್ನು ಬೈಯುತ್ತ ಬರೆದಳು. ಶುರುಮಾಡಿದ್ದು ಅತ್ತೆಯ ಗೆರೆಗಳನ್ನೇ. ಅರ್ಧ ದಾರಿಯಲ್ಲಿ ಅವು ತಮಗೆ ಬೇಕಾದ ಕಡೆ ತಿರುಗಿಕೊಂಡವು. ಊರ ಹೆಂಗಸರು ಹಿಂದೆ ಸರಿದು ನೋಡಿ, ಇಂಥದ್ದನ್ನು ನಾವು ಕಂಡೇ ಇಲ್ಲವಲ್ಲ ಎಂದರು. ಮರುವರ್ಷ ಅವಳು ಹಲಗೆಗಳಿಗೆ ಮಣ್ಣು ಮೆತ್ತಿ, ಹಸಿಯಿರುವಾಗಲೇ ಬರೆದು ಪ್ರದರ್ಶನಕ್ಕೆ ಇಟ್ಟಳು. ಈಗ ಅವಳ ಚಿತ್ರ ನೋಡಲು ದೂರದೂರದ ದೇಶಗಳಿಂದ ಜನ ಬರುತ್ತಾರೆ.

ಶಿಷ್ಯನ ಮುಖ ಅರಳಿತು. ಈ ಕತೆಯನ್ನೂ ಬರೆದಿಟ್ಟುಕೊಳ್ಳಲು ಅವನು ಲೇಖನಿ ತೆಗೆದ. ಗುರುಗಳು ಎದ್ದು, ತಾವು ಕೂತಿದ್ದ ಮಣೆಯನ್ನು ಅವನ ಕಡೆ ಸರಿಸಿದರು.

“ನಾಳೆಯ ಪಾಠ ನಿನ್ನದು, ನಾನು ಹಿಂದೆ ಕೂತು ಕೇಳುತ್ತೇನೆ.”