ಫರ್ಗಲ್ ರಾಜನ ಬೆಣ್ಣೆ ಠೇವಣಿ

ಐರ್ಲೆಂಡ್ ಅಂತ ಒಂದು ದ್ವೀಪ. ಅಲ್ಲಿ ಆ ಕಾಲಕ್ಕೆ ದುಡ್ಡು ಅಂತ ಇರ್ಲಿಲ್ಲ, ಬೆಣ್ಣೇನೇ ದುಡ್ಡು. ಉಳಿಸೋ ಬುದ್ಧಿ ಇದ್ದೋರು ಬೆಣ್ಣೇನ ಮರದ ಪೀಪಾಯಿಗೆ ತುಂಬಿ, ಮೇಲೆ ತಮ್ಮ ಗುರುತು ಕೆತ್ತಿ, ಫರ್ಗಲ್ ರಾಜನ ಜೌಗು ನೆಲದಲ್ಲಿ ಹೂತಿಡೋರು. ಆ ಕರೀ ಕೆಸರಲ್ಲಿ ಎಷ್ಟು ವರ್ಷ ಇದ್ರೂ ಬೆಣ್ಣೆ ಕೆಡ್ತಿರ್ಲಿಲ್ಲ.

ಪೀಪಾಯಿಗೆ ವರ್ಷಕ್ಕೆ ರಾಜ ಕೊಡ್ತಿದ್ದ ಬಡ್ಡಿ ಎಷ್ಟು? ಕಿರುಬೆರಳಿನ ಉಗುರಿನಷ್ಟು ಬೆಣ್ಣೆ! ಅಜ್ಜ ಅಲ್ಲೇ ಇಟ್ಟಿದ್ದ, ಅಪ್ಪ ಅಲ್ಲೇ ಇಟ್ಟಿದ್ದ ಅಂತ ಜನ ಬಾಯಿ ಮುಚ್ಕೊಂಡು ಅಲ್ಲೇ ಇಡೋರು.

ಒಂದಿನ ಗ್ರಾನ್ಯಮ್ಮ ಅನ್ನೋ ವಿಧವೆ ಸೀದಾ ಸಭೆಗೆ ನುಗ್ಗಿದ್ಳು.

"ಬುದ್ಧಿ, ಕೋಳಿಕಾಲು ಗುರುತಿನ ಪೀಪಾಯಿ ನಂದು. ಏಳು ವರ್ಷದ ಬಡ್ಡಿ ಸೇರಿಸಿದ್ರೂ ಒಂದು ರೊಟ್ಟಿಗೆ ಸವರೋಕಾಗಲ್ಲ. ನನ್ನ ಹಸು ಸತ್ತೋಯ್ತು. ಪೀಪಾಯಿ ಪೂರ್ತಿ ಕೊಟ್ರೂ ಹೊಸ ಹಸು ಬರಲ್ಲ. ಚಳಿ ಶುರುವಾಗೋದ್ರೊಳಗೆ ಇನ್ನೊಂದು ಕೊಳ್ದೇ ಇದ್ರೆ ಮಕ್ಕಳು ಉಪವಾಸ. ಬಡ್ಡಿ ಏರಿಸಿ."

ರಾಜ ಮೀಸೆಗೆ ಅಂಟಿದ್ದ ಬೆಣ್ಣೆ ನೆಕ್ಕಿದ. "ನನ್ನ ಕೆಸರಿನಂಥ ಜಾಗ ಮೂರು ಲೋಕದಲ್ಲಿಲ್ಲ ಕಣಮ್ಮ! ಇದ್ರೆ ಯಾವನಾದ್ರೂ ತೋರಿಸ್ಲಿ!"

"ನಾನು ತೋರಿಸ್ತೀನಿ ದೊರೆ," ಅಂದ ಅರಮನೆ ಆಳು ಕೊನಾಲ. ಆ ಸಭೇಲಿ ನಾಲಿಗೆ ಹಿಡಿತದಲ್ಲಿ ಇಲ್ದೇ ಇದ್ದೋನು ಅವನೊಬ್ಬನೇ. ಅಂದದ್ದೇನೋ ಅಂದ. ಜಾಗ ಅವನಿಗೆಲ್ಲಿ ಗೊತ್ತು!

"ತೋರಿಸು. ಬೆಣ್ಣೆ ಬೆಳೀಬೇಕು. ಚೂರೂ ಕಳೀಬಾರ್ದು. ಕೇಳಿದ ತಕ್ಷಣ ಕೈಗೆ ಬರ್ಬೇಕು. ಎಂಟು ದಿನದಲ್ಲಿ ತೋರಿಸಿದ್ರೆ ಈಯಮ್ಮನಿಗೆ ಹಸು. ಇಲ್ಲಾಂದ್ರೆ ಅವಳ ಪೀಪಾಯಿ ನಂದು, ನಿನ್ನನ್ನ ಕತ್ತಿನ ತನಕ ಕೆಸರಲ್ಲಿ ಹೂತಿಡ್ತೀನಿ. ಅದಕ್ಕೆ ಬಡ್ಡೀನೂ ಕೊಡಲ್ಲ!"

ಕೊನಾಲ ಊರೂರು ಅಲೆದ. ಒಬ್ಬ ಒಂದಕ್ಕೆರಡು ಕೊಡ್ತೀನಿ ಅಂದ. ಮಾರನೇ ದಿನ ಊರೋರ ಪೀಪಾಯಿಗಳ ಸಮೇತ ದೋಣಿ ಹತ್ತಿ ಓಡಿಹೋಗಿದ್ದ. ಇನ್ನೊಬ್ಬ ಜೋಪಾನವಾಗಿ ಇಡ್ತೀನಿ ಅಂದ, ಆದ್ರೆ ವಾಪಸ್ ಕೊಡೋದು ಇಟ್ಟೋರ ಮೊಮ್ಮಗನಿಗಂತೆ.

ಎಂಟನೇ ದಿನ ಸೋತು ಸುಣ್ಣವಾಗಿ ಅರಮನೆಗೆ ಬಂದ. ರಾಜ ಊಟಕ್ಕೆ ಕೂತಿದ್ದ. ಗ್ರಾನ್ಯಮ್ಮ ಮೂಲೇಲಿ ನಿಂತಿದ್ಳು. ರಾಜನ ಪಕ್ಕದಲ್ಲಿ ಬಾಯಿ ತೆಗೆದ ಪೀಪಾಯಿ. ಅದರ ಮೇಲೆ ಕೋಳಿಕಾಲು ಗುರುತು!

ಅದನ್ನ ನೋಡಿದ್ದೇ ಕೊನಾಲ ಹೊರಗೋಡಿದ. ಯಾರನ್ನೋ ಕರ್ಕೊಂಡು ಬಂದು ಬಾಗಿಲಾಚೆ ನಿಲ್ಲಿಸಿ ಒಳಗೆ ಬಂದ.

"ಏನೋ, ಜಾಗ ಸಿಕ್ತಾ?"

"ಸಿಕ್ತು ದೊರೆ. ತಮ್ಮ ಹೊಟ್ಟೆ."

ಬಡಿಸೋರ ಕೈಯಲ್ಲಿದ್ದ ಸೌಟು ಬಿತ್ತು.

"ಹೋದ್ವರ್ಷ ತಮ್ಮ ಸೊಂಟಪಟ್ಟಿ ಎರಡನೇ ತೂತಲ್ಲಿತ್ತು. ಈಗ ಒಂಬತ್ತರಲ್ಲಿ, ಅದೂ ಹೊಸದಾಗಿ ಕೊರೆಸಿದ್ದು. ಯಾವ ಕೆಸರಲ್ಲಿ ಬೆಣ್ಣೆ ಹಿಂಗೆ ಬೆಳೀತದೆ? ಈಯಮ್ಮನ ಬೆಣ್ಣೇನೂ ಆಗಲೇ ಇಲ್ಲಿಗೆ ಬಂದುಬಿಟ್ಟಿದೆ, ಗುರುತು ನೋಡಿ. ಸುತ್ತ ಹನ್ನೆರಡು ಜನ ಕತ್ತಿ ಹಿಡ್ಕೊಂಡು ಕಾಯ್ತಾವ್ರೆ. ಚೂರೂ ಕಳೆಯಲ್ಲ."

ರಾಜ ಪೀಪಾಯಿ ನೋಡಿದ, ಹೊಟ್ಟೆ ನೋಡ್ಕೊಂಡ, ಕಿವಿ ತನಕ ಕೆಂಪಗಾದ. ಆಮೇಲೆ ಏನೋ ಹೊಳೆದು ತೊಡೆ ತಟ್ಟಿದ.

"ಸಿಕ್ಕಿಬಿದ್ದೆ ಮಗನೆ! ಕೇಳಿದ ತಕ್ಷಣ ಕೈಗೆ ಬರ್ಬೇಕು ಅಂದಿದ್ದೆ. ಈಗ ಗ್ರಾನ್ಯಮ್ಮ ಕೇಳ್ತಾಳೆ. ಹೆಂಗೆ ತೆಗೀತೀಯ?"

"ಅದಕ್ಕೂ ವ್ಯವಸ್ಥೆ ಆಗಿದೆ ದೊರೆ." ಕೊನಾಲ ಬಾಗಿಲ ಕಡೆ ತಿರುಗಿ ಕೂಗಿದ. "ಕಟುಕಣ್ಣಾ, ಒಳಗೆ ಬಾಪ್ಪಾ!"

ಕಟುಕ ಚೂರಿ ಒರೆಸ್ಕೊಂಡು ಬಂದು, ಭಕ್ತಿಯಿಂದ ಕೈಮುಗಿದು, "ಎಲ್ಲಿಂದ ಶುರು ಮಾಡ್ಲಿ ಬುದ್ಧಿ?" ಅಂದ.

ರಾಜ ಎರಡೂ ಕೈಲಿ ಹೊಟ್ಟೆ ಅವುಚ್ಕೊಂಡ. ಆಮೇಲೆ ನಗೋಕೆ ಶುರು ಮಾಡಿದೋನು ಸೊಂಟಪಟ್ಟಿ ಪಟ್ ಅಂತ ಹರಿಯೋ ತನಕ ನಕ್ಕ.

"ಅವನನ್ನ ಆಚೆ ಕಳಿಸ್ರೋ! ಆಯಮ್ಮನಿಗೆ ಹಾಲು ಕೊಡೋ ಹಸು ಕೊಡ್ರೋ! ತಡೀರಿ... ಬಡ್ಡಿಗೆ ಅಂತ ಕರೂನೂ ಹೊಡ್ಕೊಂಡು ಬನ್ರೋ!"