ಗಾಣ ಬಿಟ್ಟರೂ ನಡೆದ ಎತ್ತು

"ಬುದ್ಧೀ, ಸಂತೋಷವಾಗಿರುವವರು ಹೆಚ್ಚು ದಿನ ಬದುಕುತ್ತಾರೆಯೆ? ಚಿಂತೆ ಮಾಡುವವರ ಆಯುಷ್ಯ ನಿಜವಾಗಿಯೂ ಸವೆಯುತ್ತದೆಯೆ?"

ಗುರುಗಳನ್ನು ಹೀಗೆ ಕೇಳಿದವನು ಚೆನ್ನಮಲ್ಲ. ಮಠದ ದಾಸೋಹದ ಹೊಣೆ ಹನ್ನೆರಡು ವರ್ಷದಿಂದ ಅವನದು. ದಿನಕ್ಕೆ ಮುನ್ನೂರು ಎಲೆ ಬೀಳುವ ಮಠ ಅದು. ಒಂದು ದಿನವೂ ಅಲ್ಲಿಂದ ಯಾರೂ ಹಸಿದು ಹೋದದ್ದಿಲ್ಲ. ಆದರೆ ಊಟ ಹಾಕುವವನ ಹೊಟ್ಟೆಯಲ್ಲೇ ಆರು ತಿಂಗಳಿಂದ ಉರಿ. ನಿದ್ದೆ ಹತ್ತುತ್ತಿರಲಿಲ್ಲ. ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದರೂ ಬಲಗೈ ಬೆರಳು ತಾನಾಗಿ ಎಡಗೈ ನಾಡಿಯ ಮೇಲೆ ಹೋಗಿ ಕೂರುತ್ತಿತ್ತು.

ವೈದ್ಯರು ನೋಡಿ, ರೋಗವೇನೂ ಇಲ್ಲ, ಚಿಂತೆ ಬಿಡು, ಇಲ್ಲವಾದರೆ ಅದೇ ನಿನ್ನನ್ನು ತಿಂದುಹಾಕುತ್ತದೆ ಎಂದಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆಯನ್ನೂ ಸೇರಿಸಿದ್ದರು. ಚೆನ್ನಮಲ್ಲನಿಗೆ ಸಿಟ್ಟು ಬಂದಿತ್ತು. ಗಾದೆ ಹೇಳುವವರಿಗೇನು, ಮುನ್ನೂರು ಜನಕ್ಕೆ ಒಂದು ದಿನ ಅನ್ನ ಬೇಯಿಸಿ ನೋಡಲಿ.

"ನನ್ನ ತಾಯಿ ನಗುನಗುತ್ತ ಇದ್ದವಳು. ನಲವತ್ತೆರಡನೆಯ ವಯಸ್ಸಿಗೆ ಒಂದು ಜ್ವರಕ್ಕೆ ಹೋದಳು. ನಮ್ಮೂರಲ್ಲಿ ಒಬ್ಬ ಮುದುಕನಿದ್ದ. ಹಾದಿಯಲ್ಲಿ ಹೋಗುವ ನಾಯಿಯ ಜೊತೆಗೂ ಅವನಿಗೆ ಜಗಳ. ತೊಂಬತ್ತು ದಾಟಿದ. ವೈದ್ಯರ ಮಾತನ್ನು ಹೇಗೆ ನಂಬಲಿ? ಈ ಯುಗಾದಿಗೆ ನನಗೂ ನಲವತ್ತೆರಡು ತುಂಬುತ್ತದೆ, ಬುದ್ಧೀ. ನನಗೆ ಭಯವಾಗಿದೆ."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರ ಕೈಯಿಂದ ತಪ್ಪಲೆಯೊಂದು ಜಾರಿಬಿತ್ತು. ಚೆನ್ನಮಲ್ಲ ಅರ್ಧ ಎದ್ದ, ಮತ್ತೆ ಕೂತ. ಗುರುಗಳು ಅದನ್ನು ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಅಂಗಳದಲ್ಲಿ ಒಂದು ಮರದ ಗಾಣ, ಕೊಟ್ಟಿಗೆಯಲ್ಲಿ ಎರಡು ಎತ್ತು. ಎರಡೂ ಒಂದೇ ಹಸುವಿನ ಕರುಗಳು. ಕೆಂಪಗಿದ್ದುದು ಕೆಂದ, ಬೂದು ಬಣ್ಣದ್ದು ಮಾಸ. ಬೆಳಗಿನ ಹೊತ್ತು ಕೆಂದ ಗಾಣ ಸುತ್ತುತ್ತಿತ್ತು, ಮಧ್ಯಾಹ್ನದ ಮೇಲೆ ಮಾಸ. ಗಾಣಿಗ ನ್ಯಾಯವಂತ. ಹುಲ್ಲಾಗಲಿ ಹಿಂಡಿಯಾಗಲಿ ಎರಡಕ್ಕೂ ಒಂದೇ ಬುಟ್ಟಿಯಲ್ಲಿ ಅಳೆದು ಹಾಕುತ್ತಿದ್ದ.

ಗಾಣದೆತ್ತಿಗೆ ಕಣ್ಣು ಕಟ್ಟುವುದು ಪದ್ಧತಿ. ಕಣ್ಣು ಬಿಟ್ಟುಕೊಂಡು ಒಂದೇ ಕಡೆ ಸುತ್ತಿದರೆ ಎತ್ತಿಗೆ ತಲೆ ತಿರುಗುತ್ತದೆ. ಒಡೆಯ ಆಚೆ ಹೋದದ್ದು ಕಂಡರೆ ನಿಂತೂಬಿಡುತ್ತದೆ. ಕಣ್ಣಿಗೆ ಪಟ್ಟಿ ಇದ್ದರೆ ಆ ತೊಂದರೆ ಇಲ್ಲ. ಎಲ್ಲೋ ಒಂದು ಹೆಜ್ಜೆಯ ಸಪ್ಪಳ ಕೇಳಿದರೂ ಸಾಕು, ಒಡೆಯ ಬೆನ್ನ ಹಿಂದೆಯೇ ಇದ್ದಾನೆ ಎಂದುಕೊಂಡು ಎತ್ತು ನಡೆಯುತ್ತದೆ.

ಕೆಂದ ಸಾಧು. ಪಟ್ಟಿ ಕಟ್ಟಿಸಿಕೊಳ್ಳುತ್ತಿತ್ತು, ಗಾಣದಿಂದ ಬಿಟ್ಟಾಗ ಬಿಚ್ಚಿಸಿಕೊಳ್ಳುತ್ತಿತ್ತು. ಮಾಸ ಹಾಗಲ್ಲ. ಕಣ್ಣಿನ ಹತ್ತಿರ ಕೈ ಹೋದರೆ ಕೊಂಬು ಆಡಿಸುತ್ತಿತ್ತು. ಒಮ್ಮೆ ಕೊಂಬು ತಾಗಿ ಗಾಣಿಗನ ಮೊಣಕೈ ಸೀಳಿತು. ಅಂದು ಅವನು ಯೋಚನೆ ಮಾಡಿದ. ದಿನಾ ಕಟ್ಟುವುದೇಕೆ, ದಿನಾ ಬಿಚ್ಚುವುದೇಕೆ? ಹುಲ್ಲು ಮೂಗಿನ ಕೆಳಗೇ ಇದೆ, ನೀರು ಪಕ್ಕದಲ್ಲೇ ಇದೆ. ಗೂಟಕ್ಕೆ ಕಟ್ಟಿದ ಎತ್ತು ಕಣ್ಣು ಬಿಟ್ಟು ನೋಡಬೇಕಾದ್ದಾದರೂ ಏನು? ಮಾಸನ ಪಟ್ಟಿಯನ್ನು ಬಿಚ್ಚದೆ ಹಾಗೇ ಬಿಟ್ಟ. ವಾರಕ್ಕೊಮ್ಮೆ ಮೈ ತೊಳೆಯುವಾಗ ಮಾತ್ರ ಬಿಚ್ಚಿ, ಒಗೆದು, ತಿರುಗಿ ಕಟ್ಟುತ್ತಿದ್ದ. ಎಂಥ ಉಪಾಯ ಹೊಳೆಯಿತು ಎಂದು ತನ್ನನ್ನು ತಾನೇ ಮೆಚ್ಚಿಕೊಂಡ.

ವರ್ಷ ಕಳೆಯುವುದರೊಳಗೆ ಮಾಸ ಬಡವಾಯಿತು. ಕೂದಲು ಒರಟಾಯಿತು. ಹುಲ್ಲಿಗೆ ಬಾಯಿ ಹಾಕುವುದು, ಅಷ್ಟರಲ್ಲೇ ಬಿಡುವುದು. ಮೆಲುಕು ಹಾಕುವುದಂತೂ ನಿಂತೇ ಹೋಯಿತು. ದನದ ವೈದ್ಯ ಬಂದು ನಾಲಿಗೆ ನೋಡಿದ, ಗೊರಸು ನೋಡಿದ, ರೋಗವಿಲ್ಲ ಎಂದ. ಗಾಣಿಗ ಅದಕ್ಕೆ ಹಿಂಡಿ ಹೆಚ್ಚಿಸಿದ, ದುಡಿಮೆ ಅರ್ಧ ಮಾಡಿದ. ಆ ಅರ್ಧವನ್ನೂ ಕೆಂದನೇ ಹೊತ್ತುಕೊಂಡಿತು. ಒಂದೂವರೆ ಪಾಲು ದುಡಿದ ಕೆಂದನ ಮೈ ಮಿರಮಿರ ಮಿಂಚುತ್ತಿತ್ತು. ಅರ್ಧ ಪಾಲು ದುಡಿದ ಮಾಸನ ಪಕ್ಕೆಲುಬುಗಳನ್ನು ಬೀದಿಯಲ್ಲಿ ನಿಂತೇ ಎಣಿಸಬಹುದಿತ್ತು. ಎಲ್ಲಾ ಹಣೆಬರಹ, ಸಾಯುವ ಮುಂಚೆ ಮಾರಿಬಿಡು ಎಂದರು ಊರವರು.

ಗಾಣಿಗನಿಗೆ ಮನಸ್ಸು ಬರಲಿಲ್ಲ. ಕರುವಾಗಿದ್ದಾಗ ಅದಕ್ಕೆ ಬೆರಳು ಚೀಪಿಸಿ ಹಾಲು ಕುಡಿಸಿದವನು ಅವನೇ. ದಿನಕ್ಕೆ ಹತ್ತು ಸಲ ಕೊಟ್ಟಿಗೆಗೆ ಹೋಗಿ ಹೇಗಿದೆ ಎಂದು ನೋಡುತ್ತಿದ್ದ. ಅವನು ಬಾಗಿಲಲ್ಲಿ ಕಾಲಿಟ್ಟೊಡನೆ ಮಾಸ ಕಾಲೆತ್ತಿ ಹೆಜ್ಜೆ ಹಾಕುತ್ತಿತ್ತು. ಇಷ್ಟು ಸೊರಗಿದರೂ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಅವನ ಕಣ್ಣು ತುಂಬುತ್ತಿತ್ತು.

ಹೀಗಿರುವಾಗ ಗಾಣಿಗನಿಗೆ ಕಣ್ಣುಬೇನೆ ಬಂತು. ಹೆಂಡತಿ ಸೊಪ್ಪು ಅರೆದು ಹಚ್ಚಿ, ಮೇಲೆ ಬಟ್ಟೆ ಕಟ್ಟಿ, ಮೂರು ದಿನ ಬಿಚ್ಚಕೂಡದು ಎಂದಳು. ಅವನು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತ. ದುಡಿಯುವಂತಿಲ್ಲ, ಉಂಡು ಸುಮ್ಮನಿರಬೇಕು, ಅಷ್ಟೇ. ಎದುರಿಗೆ ಮುದ್ದೆ ಇತ್ತು, ಸಾರಿನ ಘಮ ಮೂಗಿಗೆ ಬಡಿಯುತ್ತಿತ್ತು. ತುತ್ತು ಎತ್ತುವಷ್ಟರಲ್ಲಿ ಯಾರೋ ನಡೆದ ಸಪ್ಪಳ. ಯಾರು ಎಂದ. ಸೊಸೆ ನೀರು ತಂದಿದ್ದಳು. ಮತ್ತೆ ಸಪ್ಪಳ. ಅದು ಕೋಳಿ. ಮತ್ತೆ ಸಪ್ಪಳ. ಅದು ಏನೆಂದು ಗೊತ್ತಾಗಲೇ ಇಲ್ಲ. ಸಂಜೆಯ ಹೊತ್ತಿಗೆ ಕತ್ತು ಸೆಟೆದುಕೊಂಡಿತ್ತು, ಉಂಡದ್ದು ಎದೆಯಲ್ಲೇ ನಿಂತಿತ್ತು. ಕೂತಲ್ಲಿಂದ ಏಳದಿದ್ದರೂ ಒಂದು ಗಾಡಿ ಸೌದೆ ಒಡೆದವನ ಹಾಗೆ ದಣಿದಿದ್ದ.

ಎರಡನೆಯ ದಿನ ಅವನ ಕಿವಿಗೆ ಇನ್ನೊಂದು ಸದ್ದು ಬಿತ್ತು. ಅಂಗಳದಲ್ಲಿ ಯಾರಾದರೂ ನಡೆದರೆ ಕೊಟ್ಟಿಗೆಯೊಳಗೆ ಗೊರಸಿನ ಸದ್ದು ಶುರುವಾಗುತ್ತಿತ್ತು. ನಡೆದವರು ನಿಂತರೂ ಅದು ನಿಲ್ಲುತ್ತಿರಲಿಲ್ಲ.

"ಯಾರೇ ಅದು, ಮಾಸನ್ನ ನಡೆಸ್ತಿರೋದು?" ಎಂದು ಹೆಂಡತಿಯನ್ನು ಕೇಳಿದ.

"ಯಾರೂ ಇಲ್ಲ. ಅದು ಯಾವಾಗ್ಲೂ ಹಂಗೇ. ಯಾರಾದ್ರೂ ಓಡಾಡಿದ್ರೆ ಸಾಕು, ಗೂಟ ಸುತ್ತುತ್ತೆ. ಗಾಣದ ಸುತ್ತ ಬಿದ್ದಂಗೇ ಅಲ್ಲೂ ನೆಲ ಗುಂಡಗೆ ಹಳ್ಳ ಬಿದ್ದೈತೆ. ದಿನಕ್ಕೆ ಹತ್ತು ಸಲ ಹೋಗ್ತೀರಲ್ಲ, ನೋಡಿರ್ತೀರ ಅಂದ್ಕೊಂಡೆ."

ಅವನು ನೋಡಿರಲಿಲ್ಲ. ಹೋದಾಗಲೆಲ್ಲ ಪಕ್ಕೆಲುಬು ನೋಡಿ ಬಂದಿದ್ದ, ನೆಲ ನೋಡಿರಲಿಲ್ಲ.

ಗಾಣಿಗ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ನಡೆದ. ಅವನ ಹೆಜ್ಜೆ ಕೇಳಿ ಮಾಸ ಇನ್ನೂ ಬೇಗ ಬೇಗ ಸುತ್ತತೊಡಗಿತು. ಅದು ಪ್ರೀತಿಯಲ್ಲ ಎಂದು ಅವನಿಗೆ ಈಗ ತಿಳಿಯಿತು. ಅದರ ಪಾಲಿಗೆ ಸಂಜೆ ಎನ್ನುವುದೇ ಆಗಿರಲಿಲ್ಲ. ನೊಗ ಇಳಿದರೂ ಅದು ಗಾಣದಲ್ಲೇ ಇತ್ತು. ಕೈಯಾಡಿಸಿ, ಕೊಂಬು ತಡವಿ, ಗಂಟು ಹುಡುಕಿ ಪಟ್ಟಿ ಬಿಚ್ಚಿದ. ಆ ದಿನ ಮಾಸ ಕೊಂಬು ಆಡಿಸಲಿಲ್ಲ.

ಎತ್ತು ಏನು ನೋಡಿತೋ ಅವನಿಗೆ ಕಾಣಲಿಲ್ಲ. ಕಣ್ಣಿಗೆ ಕಟ್ಟು ಇತ್ತಲ್ಲ. ಹುಲ್ಲನ್ನು ನೋಡಿತು, ಕೆಂದನನ್ನು ನೋಡಿತು, ನಿಮ್ಮ ಕೈಯಲ್ಲಿ ಬಾರುಕೋಲು ಇಲ್ಲದ್ದನ್ನು ನೋಡಿತು ಎಂದು ಹೆಂಡತಿ ಆಮೇಲೆ ಹೇಳಿದಳು. ಅವನಿಗೆ ಕೇಳಿಸಿದ್ದು ಎರಡೇ. ಮೊದಲು ಭಾರವಾದ ಮೈ ನೆಲಕ್ಕೆ ಒರಗಿದ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಮೆಲುಕು ಹಾಕುವ ಸದ್ದು. ಔಷಧಿಯ ಕಟ್ಟಿನೊಳಗೇ ಗಾಣಿಗ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ ಕೇಳಿದ: "ಆಮೇಲೆ ಮಾಸ ಬಹಳ ಕಾಲ ಬದುಕಿತೆ, ಬುದ್ಧೀ?"

"ಇನ್ನೂ ಒಂಬತ್ತು ವರ್ಷ ಗಾಣ ಸುತ್ತಿತು. ಕೆಂದ ಮರುವರ್ಷವೇ ಹಾವು ಕಚ್ಚಿ ಸತ್ತಿತು. ಸುಖಿ ಯಾರು, ಚಿಂತೆಯವರು ಯಾರು ಎಂದು ವಿಚಾರಿಸಿಕೊಂಡು ಹಾವು ಕಚ್ಚುವುದಿಲ್ಲ. ನಿನ್ನ ತಾಯಿಗೆ ಬಂದ ಜ್ವರವೂ ಅಂಥದೇ. ಆದರೆ ಮಾಸನಿಗೆ ಯಾವ ಹಾವೂ ಕಚ್ಚಿರಲಿಲ್ಲ. ಹುಲ್ಲಿತ್ತು, ನೀರಿತ್ತು, ನೆರಳಿತ್ತು. ಆದರೂ ಅದು ಸಾಯುತ್ತಿತ್ತು. ವೈದ್ಯರು ನಿನಗೆ ಸುಳ್ಳು ಹೇಳಿಲ್ಲ. ಇರಲಿ, ಆ ನಿಮ್ಮೂರ ಮುದುಕ, ಜಗಳ ಮುಗಿದ ಮೇಲೆ ಏನು ಮಾಡುತ್ತಿದ್ದ?"

ಚೆನ್ನಮಲ್ಲ ನೆನಪು ಮಾಡಿಕೊಂಡ. ಬೈಯುವಷ್ಟು ಬೈದು, ಟವಲು ಹಾಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಹಾಗೆಂದು ಹೇಳಲು ಬಾಯಿ ತೆರೆದ. ಅಡುಗೆಮನೆಯಲ್ಲಿ ಸೌಟಿನ ಸದ್ದಾಯಿತು. ಚೆನ್ನಮಲ್ಲನ ಬೆರಳು ನಾಡಿಗೆ ಹೋಯಿತು, ಮೊಣಕಾಲು ತಾನಾಗಿ ಮೇಲೆದ್ದಿತು.

"ಕೊನೆಯ ಪಂಕ್ತಿ ಎದ್ದು ಎರಡು ಗಂಟೆಯಾಯಿತು," ಎಂದರು ಗುರುಗಳು, "ಇನ್ನೂ ಯಾವ ಗೂಟ ಸುತ್ತುತ್ತಿದ್ದೀಯ, ಚೆನ್ನಮಲ್ಲ?"

ಚೆನ್ನಮಲ್ಲ ನಾಡಿಯಿಂದ ಬೆರಳು ತೆಗೆದ. ಎದ್ದ ಮೊಣಕಾಲು ಮೆಲ್ಲಗೆ ಇಳಿಯಿತು.